ಮೊಂಟೆ ಆಲ್ಬಾನ್ ಮಾರ್ಗದರ್ಶಿ ಪ್ರವಾಸ: ಬೆಟ್ಟದ ಮೇಲೆ ಸೊಗಸು, ಕಣಿವೆಯಲ್ಲಿ ಅರೆಬರೆ

ಮೆಕ್ಸಿಕೋದ ಒಹಾಕಾ ನಗರದಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಈ ಮಾರ್ಗದರ್ಶಿ ಪ್ರವಾಸದ ಜಾಹೀರಾತಿನಲ್ಲಿ ಎರಡು ಭರವಸೆಗಳಿವೆ. ಪ್ರಾಚೀನ ನಗರವೊಂದರ ಅವಶೇಷಗಳಿರುವ ಮೊಂಟೆ ಆಲ್ಬಾನ್ ಬೆಟ್ಟವನ್ನು ಅವಸರವಿಲ್ಲದೆ ತೋರಿಸುವುದು ಒಂದು. ಮೆಸೊಅಮೆರಿಕದ, ಅಂದರೆ ಪ್ರಾಚೀನ ಮೆಕ್ಸಿಕೋ ಮತ್ತು ಅದರ ನೆರೆಯ ನಾಡುಗಳ, ಅತಿ ಹಳೆಯ ಪ್ರಭುತ್ವಗಳಲ್ಲೊಂದು ಹೇಗೆ ರೂಪುಗೊಂಡಿತು ಎಂಬುದನ್ನು ಪುರಾತತ್ವಜ್ಞರ ಸಂಶೋಧನೆಯ ಆಧಾರದಲ್ಲಿ ವಿವರಿಸುವುದು ಇನ್ನೊಂದು. ಮೊದಲನೆಯದನ್ನು ಸಂಸ್ಥೆ ಚೆನ್ನಾಗಿಯೇ ಉಳಿಸಿಕೊಂಡಿದೆ. ಎರಡನೆಯದು ಅರ್ಧಕ್ಕೇ ನಿಂತಿದೆ. ಸೋಜಿಗವೆಂದರೆ, ಆ ಕಥೆಯ ಉಳಿದರ್ಧ ಯಾವ ಊರಿನ ನೆಲದಲ್ಲಿ ಸಿಕ್ಕಿತೋ ಅದೇ ಊರಿಗೆ ವ್ಯಾನು ಹೋಗುತ್ತದೆ, ಮತ್ತು ಅದರ ಬಗ್ಗೆ ಒಂದು ಮಾತೂ ಆಡದೆ ಹಿಂದಿರುಗುತ್ತದೆ.

ಬೆಟ್ಟದಿಂದಲೇ ಆರಂಭಿಸುತ್ತೇನೆ. ಕಣಿವೆಯ ನೆಲದಿಂದ ಸುಮಾರು 400 ಮೀಟರ್ ಎತ್ತರದಲ್ಲಿರುವ ಈ ಶಿಖರವನ್ನು ಸಮತಟ್ಟು ಮಾಡಿ ಇಲ್ಲಿನ ಮೂಲನಿವಾಸಿಗಳಾದ ಜಪೊಟೆಕ್ ಜನರು ಕಟ್ಟಿದ ಮಹಾಚೌಕಕ್ಕೆ ಎಲ್ಲ ಪ್ರವಾಸಿಗರನ್ನೂ ನೇರವಾಗಿ ಕರೆದೊಯ್ಯುವುದು ವಾಡಿಕೆ. ಇಲ್ಲಿನ ಮಾರ್ಗದರ್ಶಿ ಹಾಗೆ ಮಾಡಲಿಲ್ಲ. ಅವರು ಮೊದಲು ಅಂಚಿಗೆ ಕರೆದೊಯ್ದು, ಕೆಳಗೆ ಮೂರು ಕವಲಾಗಿ ಒಡೆಯುವ ಕಣಿವೆಯನ್ನು ತೋರಿಸಿದರು: ವಾಯವ್ಯಕ್ಕೆ ಎಟ್ಲಾ, ಪೂರ್ವಕ್ಕೆ ಟ್ಲಾಕೊಲುಲಾ, ದಕ್ಷಿಣಕ್ಕೆ ವಾಲೆ ಗ್ರಾಂದೆ. ಒಳ್ಳೆಯ ಹೊಲಗಳೆಲ್ಲ ಕೆಳಗೇ ಇರುವಾಗ, ನೀರಿನ ಆಸರೆಯೂ ಸರಿಯಾಗಿಲ್ಲದ ಈ ಬೋಳು ಬೆಟ್ಟದ ಮೇಲೆ ಕ್ರಿ.ಪೂ. 500ರ ಹೊತ್ತಿಗೆ ಸಾವಿರಾರು ಜನ ಯಾಕೆ ಬಂದು ನೆಲೆಸಿದರು ಎಂಬ ಪ್ರಶ್ನೆಯನ್ನು ನಮ್ಮ ಮುಂದಿಟ್ಟು, ಉತ್ತರ ಹೇಳುವ ಅವಸರ ತೋರದೆ ಮುಂದೆ ನಡೆದರು. ಪ್ರವಾಸದ ಅತ್ಯುತ್ತಮ ನಿರ್ಧಾರ ಅದೇ. ಆಮೇಲೆ, 1970ರ ದಶಕದಲ್ಲಿ ಪುರಾತತ್ವಜ್ಞ ರಿಚರ್ಡ್ ಬ್ಲಾಂಟನ್ ಈ ಬೆಟ್ಟದ ಇಳಿಜಾರುಗಳನ್ನೆಲ್ಲ ನಡೆದು, ಮನೆಗಳಿದ್ದ ಜಗತಿಗಳನ್ನು ಗುರುತಿಸಿ, ಮೊದಲ ಹಂತದಲ್ಲೇ ಇಲ್ಲಿ ಸುಮಾರು 5,000 ಜನರಿದ್ದರೆಂದೂ ಮುಂದಿನ ಹಂತದಲ್ಲಿ ಆ ಸಂಖ್ಯೆ 17,000ದ ಸುಮಾರಿಗೆ ಏರಿತೆಂದೂ ಅಂದಾಜು ಮಾಡಿದ್ದನ್ನು ಹೇಳಿದರು. ಮೂರು ಕವಲುಗಳಿಗೂ ಸೇರದ ಜಾಗದಲ್ಲಿ ಒಕ್ಕೂಟದ ರಾಜಧಾನಿಯಾಗಿ ಇದು ಹುಟ್ಟಿತೆಂಬುದು ಬ್ಲಾಂಟನ್ ವಾದ. ಎಟ್ಲಾ ಕವಲಿನ ಸಾನ್ ಹೊಸೆ ಮೊಗೋಟೆಯ ಜನರೇ ರಕ್ಷಣೆಗಾಗಿ ಇಲ್ಲಿಗೆ ಬಂದು ನೆಲೆಸಿದರೆಂಬುದು ಕೆಂಟ್ ಫ್ಲಾನರಿ ಮತ್ತು ಜಾಯ್ಸ್ ಮಾರ್ಕಸ್ ಅವರ ವಾದ. ಎರಡನ್ನೂ ಪಕ್ಷಪಾತವಿಲ್ಲದೆ ಹೇಳಿದರು.

'ನರ್ತಕರು' ಎಂದು ಹೆಸರಾದ 300ಕ್ಕೂ ಹೆಚ್ಚು ಕೆತ್ತನೆಯ ಕಲ್ಲುಗಳ ಬಳಿ ಮಾತ್ರ ವಿವರಣೆ ಏಕಮುಖವಾಯಿತು. ಕಣ್ಣು ಮುಚ್ಚಿದ, ಬೆತ್ತಲೆಯ, ಕೈಕಾಲು ಸೊಟ್ಟಗಾದ ಈ ಆಕೃತಿಗಳು ಕೊಲ್ಲಲ್ಪಟ್ಟ ಸೆರೆಯಾಳುಗಳೆಂಬ ವ್ಯಾಖ್ಯಾನ ಬಹುಮಂದಿಗೆ ಒಪ್ಪಿಗೆಯಾದದ್ದು ನಿಜ. ಆದರೆ ಇವರು ತಮ್ಮ ರಕ್ತವನ್ನೇ ಅರ್ಪಿಸುತ್ತಿರುವ ಯೋಧರ ಗುಂಪೆಂದು ಸಂಶೋಧಕ ಹಾವಿಯೆರ್ ಉರ್ಸಿದ್ ಮಂಡಿಸಿದ ಓದು ಪ್ರಸ್ತಾಪಕ್ಕೇ ಬರಲಿಲ್ಲ. ಫೋಟೋ ತೆಗೆಯುವವರ ಗದ್ದಲದಲ್ಲಿ ಅದು ಕಷ್ಟವೂ ಹೌದು.

ಚೌಕದ ದಕ್ಷಿಣ ಭಾಗದಲ್ಲಿರುವ ಜೆ ಕಟ್ಟಡದ ಎದುರು ಕಳೆದ ಹೊತ್ತೊಂದರಿಂದಲೇ ಪ್ರವಾಸದ ಶುಲ್ಕದ ಬಹುಪಾಲು ಸಾರ್ಥಕವಾಯಿತು. ಉಳಿದ ಕಟ್ಟಡಗಳೆಲ್ಲ ಒಂದೇ ದಿಕ್ಕಿನ ಶಿಸ್ತಿಗೆ ಬದ್ಧವಾಗಿದ್ದರೆ, ಬಾಣದ ಮೊನೆಯಂತಿರುವ ಇದೊಂದು ಮಾತ್ರ ಓರೆಯಾಗಿ ನಿಂತಿದೆ. ಗೋಡೆಯಲ್ಲಿ 40ಕ್ಕೂ ಹೆಚ್ಚು ಕೆತ್ತನೆಯ ಚಪ್ಪಡಿಗಳಿವೆ. ಮಾರ್ಗದರ್ಶಿ ಒಂದೇ ಚಪ್ಪಡಿಯನ್ನು ಆಯ್ದು, ಬಿಸಿಲು ಓರೆಯಾಗಿ ಬೀಳುವ ಕಡೆ ನಮ್ಮನ್ನು ನಿಲ್ಲಿಸಿ, ಅದನ್ನು ಭಾಗ ಭಾಗವಾಗಿ ಓದಿಸಿದರು: ನಡುವೆ ಬೆಟ್ಟದ ಚಿಹ್ನೆ, ಅಂದರೆ 'ಸ್ಥಳ', ಅದರ ಮೇಲೆ ಆ ಸ್ಥಳದ ಹೆಸರು ಹೇಳುವ ಗುರುತು, ಕೆಳಗೆ ತಲೆಕೆಳಗಾದ ಒಂದು ಮನುಷ್ಯಮುಖ. 1931ರಿಂದ ಇಲ್ಲಿ ಉತ್ಖನನ ನಡೆಸಿದ ಅಲ್ಫೊನ್ಸೊ ಕಾಸೊ ಇವು ಗೆದ್ದ ಊರುಗಳ ಪಟ್ಟಿಯೆಂದು ಓದಿದರು. ಮಾರ್ಕಸ್ ಅವುಗಳಲ್ಲಿ ಕೆಲವು ಊರುಗಳನ್ನು ಗುರುತಿಸಿದರು, ಉತ್ತರದ ಕ್ವಿಕಾಟ್ಲಾನ್ ಅವುಗಳಲ್ಲೊಂದು. ಇವು ಗೆಲುವಿನ ದಾಖಲೆಗಳಲ್ಲ, ಅಲ್ಲಲ್ಲಿನ ಭೂಮಿಯ ಹಕ್ಕಿಗೆ ಸಂಬಂಧಿಸಿದವು ಎನ್ನುವ ವಿದ್ವಾಂಸರೂ ಇದ್ದಾರೆ.

ಅರಸನೊಬ್ಬ ಕಲ್ಲಿನ ಮೇಲೆ ಕೊಚ್ಚಿಕೊಂಡದ್ದನ್ನು ನಂಬುವುದೋ ಬಿಡುವುದೋ? ಇಲ್ಲಿಂದ ಮುಂದೆ ವಿವರಣೆ ಚಾರ್ಲ್ಸ್ ಸ್ಪೆನ್ಸರ್ ಎಂಬ ಪುರಾತತ್ವಜ್ಞರ ವೃತ್ತಿಜೀವನದ ಕಡೆಗೆ ಹೊರಳಿತು, ಮತ್ತು ನಾನು ಈ ಪ್ರವಾಸವನ್ನು ಆರಿಸಿಕೊಂಡದ್ದೇ ಅದಕ್ಕಾಗಿ. 1970ರ ದಶಕದ ಕೊನೆಯಲ್ಲಿ ಸ್ಪೆನ್ಸರ್ ಮತ್ತು ಅವರ ಸಹ-ಸಂಶೋಧಕಿ ಎಲ್ಸಾ ರೆಡ್ಮಂಡ್ ಕ್ವಿಕಾಟ್ಲಾನ್ ಕಣಿವೆಗೇ ಹೋಗಿ, ಕಲ್ಲಿನ ಮಾತನ್ನು ನೆಲದಲ್ಲಿ ಪರೀಕ್ಷಿಸಿದರು. ಆ ಕಣಿವೆಯ ಲಾ ಕೊಯೊಟೆರಾದಲ್ಲಿ ಹಳೆಯ ಊರು ಬರಿದಾಗಿ ಜನರು ದಿಬ್ಬದ ಮೇಲಕ್ಕೆ ಹೋಗಿದ್ದರು. ಹೊಸ ಊರಿನ ಮುಖ್ಯ ದಿಬ್ಬದ ಎದುರು 61 ತಲೆಬುರುಡೆಗಳು ಸಿಕ್ಕವು, ಅವುಗಳನ್ನು ಸಾಲಾಗಿ ಪ್ರದರ್ಶನಕ್ಕಿಟ್ಟಿದ್ದ ಚೌಕಟ್ಟೊಂದು ಕುಸಿದು ಬಿದ್ದಂತೆ. ಕಣಿವೆಯ ದಾರಿ ಕಾಯುವ ಕಿಯೊಟೆಪೆಕ್‌ನಲ್ಲಿ ಕೋಟೆಯ ಕುರುಹುಗಳಿದ್ದವು. ಮೊಂಟೆ ಆಲ್ಬಾನ್ ಈ ಕಣಿವೆಯನ್ನು ಗೆದ್ದದ್ದಕ್ಕೆ ಇವು ಸಾಕ್ಷಿ ಎಂಬುದು ಅವರ ತೀರ್ಮಾನ. ಈ ಭಾಗವನ್ನು ಮಾರ್ಗದರ್ಶಿ ಎಷ್ಟು ಸೊಗಸಾಗಿ ಹೇಳಿದರೆಂದರೆ, ಗುಂಪಿನಲ್ಲಿ ಫೋನು ನೋಡುತ್ತಿದ್ದವರೂ ತಲೆಯೆತ್ತಿದರು.

ಆದರೆ ಅವರ ಕಥೆಯಲ್ಲಿ ಸ್ಪೆನ್ಸರ್ ಅವರ ವೃತ್ತಿಜೀವನ ಅಲ್ಲಿಗೇ ಮುಗಿದುಬಿಡುತ್ತದೆ. ನಿಜದಲ್ಲಿ ಅದು ಅಲ್ಲಿಂದ ಬಹಳ ದೂರ ಹೋಗಿದೆ. 1980ರ ದಶಕದಲ್ಲಿ ಸ್ಪೆನ್ಸರ್ ಮತ್ತು ರೆಡ್ಮಂಡ್ ವೆನೆಜುವೆಲಾದ ಬಾರಿನಾಸ್ ಪ್ರದೇಶಕ್ಕೆ ಹೋಗಿ, ಪ್ರಭುತ್ವವಾಗಿ ಬೆಳೆಯದೇ ಉಳಿದ ಕುಲನಾಯಕರ ಆಳ್ವಿಕೆಯ ಸಮಾಜಗಳನ್ನು ಅಧ್ಯಯನ ಮಾಡಿದರು; ಪ್ರಭುತ್ವ ಯಾವುದು ಎಂದು ತಿಳಿಯಲು ಯಾವುದು ಅಲ್ಲ ಎಂಬುದೂ ಗೊತ್ತಿರಬೇಕಲ್ಲ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಸೇರಿದ ನಂತರ, 1993ರಿಂದ, ಇಬ್ಬರೂ ಮತ್ತೆ ಒಹಾಕಾಕ್ಕೆ ಮರಳಿದರು. ಅವರು ಆರಿಸಿಕೊಂಡ ಊರು ಸಾನ್ ಮಾರ್ಟಿನ್ ಟಿಲ್ಕಹೆಟೆ.

ಪ್ರವಾಸದ ಮಧ್ಯಾಹ್ನದ ನಿಲುಗಡೆಯೂ ಇದೇ ಟಿಲ್ಕಹೆಟೆ! ಬಣ್ಣಬಣ್ಣದ ಮರದ ಗೊಂಬೆಗಳಾದ ಆಲೆಬ್ರಿಹೆಗಳಿಗೆ ಈ ಊರು ಪ್ರಸಿದ್ಧ. ಮರದ ತುಂಡೊಂದರಿಂದ ಪ್ರಾಣಿಯ ಬೆನ್ನು ಹೊಮ್ಮುವುದನ್ನು, ಕೂದಲೆಳೆಯಂಥ ಕುಂಚದಲ್ಲಿ ಅದರ ಮೈಮೇಲೆ ಚುಕ್ಕಿಗಳ ಸಾಲು ಮೂಡುವುದನ್ನು ನೋಡಿ ನನಗೂ ಸಂತೋಷವಾಯಿತು. ಕುಶಲಕರ್ಮಿಗಳ ಬಗ್ಗೆ ನನ್ನ ದೂರಿಲ್ಲ. ದೂರಿರುವುದು ಪ್ರವಾಸ ಸಂಸ್ಥೆಯ ಬಗ್ಗೆ. ಕಾರ್ಯಾಗಾರಕ್ಕೂ ಅದರ ಪಕ್ಕದ ಅಂಗಡಿಗೂ ಜೆ ಕಟ್ಟಡಕ್ಕಿಂತ ಹೆಚ್ಚು ಸಮಯ ಕೊಟ್ಟು, ಊರಿನ ಹತ್ತಿರವೇ ಇರುವ ಎಲ್ ಮೊಗೋಟೆ (ಎಟ್ಲಾ ಕವಲಿನ ಸಾನ್ ಹೊಸೆ ಮೊಗೋಟೆ ಬೇರೆ) ಮತ್ತು ಎಲ್ ಪಾಲೆಂಕೆ ಎಂಬ ಪ್ರಾಚೀನ ನಿವೇಶನಗಳ ಹೆಸರನ್ನೂ ಎತ್ತಲಿಲ್ಲ. ನಾನೇ ಕೇಳಿದಾಗ, ಅದು ಕಾರ್ಯಕ್ರಮದಲ್ಲಿಲ್ಲ ಎಂಬ ಉತ್ತರ ಬಂತು.

ಅಲ್ಲಿ ಸಿಕ್ಕಿದ್ದು ಸಣ್ಣ ವಿಷಯವಲ್ಲ. ಮೊಂಟೆ ಆಲ್ಬಾನ್ ಬೆಳೆಯುತ್ತಿದ್ದ ಕಾಲದಲ್ಲೇ ಟಿಲ್ಕಹೆಟೆಯೂ ಬೆಳೆಯುತ್ತಿತ್ತು, ಆದರೆ ಅದರ ಅಧೀನದಲ್ಲಿ ಅಲ್ಲ. ಕ್ರಿ.ಪೂ. 330ರ ಸುಮಾರಿಗೆ ಎಲ್ ಮೊಗೋಟೆಯ ಚೌಕ ದಾಳಿಯಲ್ಲಿ ಸುಟ್ಟಿತು. ಜನರು ಶರಣಾಗದೆ ಎತ್ತರದ ಎಲ್ ಪಾಲೆಂಕೆಗೆ ಹೋಗಿ, ರಕ್ಷಣಾ ಗೋಡೆಗಳೊಂದಿಗೆ ಹೊಸ ಚೌಕ ಕಟ್ಟಿದರು. ಅದರ ಉತ್ತರಕ್ಕೆ ಕ್ರಿ.ಪೂ. 300ರಿಂದ 100ರ ನಡುವಿನ ಅರಮನೆಯೊಂದನ್ನು ಸ್ಪೆನ್ಸರ್ ಮತ್ತು ರೆಡ್ಮಂಡ್ ಅಗೆದು 2017ರಲ್ಲಿ ಪ್ರಕಟಿಸಿದರು: 2,790 ಚದರ ಮೀಟರ್‌ವರೆಗಿನ ವಿಸ್ತಾರ, ಒಳಗೆ ಆಡಳಿತದ ಜಾಗ ಮತ್ತು ವಾಸದ ಕೋಣೆಗಳು, ಚರಂಡಿ, ಮಳೆನೀರಿನ ತೊಟ್ಟಿ. ಪೂರ್ವಕ್ಕೆ ಅರ್ಚಕರ ವಸತಿಗಳಿದ್ದ ದೇವಾಲಯ ಆವರಣ. ಅರಸನ ಮನೆ ಬೇರೆ, ಅರ್ಚಕರ ಮನೆ ಬೇರೆ ಎಂಬ ಈ ವಿಂಗಡಣೆಯೇ, ಕುಲನಾಯಕನ ಹಟ್ಟಿಗೂ ಪ್ರಭುತ್ವದ ರಾಜಧಾನಿಗೂ ಇರುವ ವ್ಯತ್ಯಾಸದ ಗುರುತುಗಳಲ್ಲಿ ಮುಖ್ಯವಾದದ್ದು. ಕ್ರಿ.ಪೂ. ಮೊದಲ ಶತಮಾನದ ಕೊನೆಯ ಹೊತ್ತಿಗೆ ಅದೂ ಸುಟ್ಟುಹೋಗಿ, ಕೊನೆಗೂ ಟಿಲ್ಕಹೆಟೆ ಮೊಂಟೆ ಆಲ್ಬಾನಿನ ಅಧೀನವಾಯಿತು.

ಇಲ್ಲಿಯ ಕಾಲಾನುಕ್ರಮವನ್ನು ಗಮನಿಸಬೇಕು. ಬೆಟ್ಟದಿಂದ ಒಂದು ದಿನದಲ್ಲಿ ನಡೆದು ತಲುಪಬಹುದಾದ ನೆರೆಯ ಟಿಲ್ಕಹೆಟೆ ಬಗ್ಗುವ ಎಷ್ಟೋ ಮುಂಚೆ, ಮಲೆಗಳಾಚೆಯ ಕ್ವಿಕಾಟ್ಲಾನ್ ಬಗ್ಗಿತ್ತು. ಸ್ಪೆನ್ಸರ್ ಅವರ ಸಿದ್ಧಾಂತ ನಿಂತಿರುವುದು ಇದರ ಮೇಲೆ. ಅರ್ಧ ದಿನದ ನಡಿಗೆಯಷ್ಟು ದೂರವನ್ನು ನಾಯಕನೊಬ್ಬ ತಾನೇ ಹೋಗಿ ಬಂದು ಆಳಬಲ್ಲ. ಅದಕ್ಕಿಂತ ದೂರದ ನೆಲವನ್ನು ಹಿಡಿದಿಟ್ಟುಕೊಳ್ಳಬೇಕಾದರೆ ಅಧಿಕಾರವನ್ನು ಹಂಚಲೇಬೇಕು, ಹಂಚಿದವರ ಮೇಲೆ ಕಣ್ಣಿಡಲು ಹಂತಹಂತದ ಆಡಳಿತ ಕಟ್ಟಲೇಬೇಕು. ಹೀಗೆ ನೋಡಿದರೆ ಪ್ರಭುತ್ವ ಮೊದಲು ಗಟ್ಟಿಯಾಗಿ ಆಮೇಲೆ ದಂಡೆತ್ತಿ ಹೋದದ್ದಲ್ಲ, ದೂರದ ನೆಲ ಹಿಡಿಯುವ ಕೆಲಸದಲ್ಲೇ ಅದು ಪ್ರಭುತ್ವವಾಯಿತು. ಬೆಳಿಗ್ಗೆ ಬೆಟ್ಟದ ಅಂಚಿನಲ್ಲಿ ಮಾರ್ಗದರ್ಶಿ ಇಟ್ಟುಹೋದ ಪ್ರಶ್ನೆಗೆ ಇದೊಂದು ಗಂಭೀರ ಉತ್ತರ. ಟಿಲ್ಕಹೆಟೆಗೆ ಹೋಗುವ ದಾರಿಯಲ್ಲಿ ವ್ಯಾನಿನೊಳಗೇ ಹೇಳಿ ಮುಗಿಸಬಹುದಿತ್ತು. ಅದು ಇಲ್ಲದಿರುವುದರಿಂದ, ಒಂದೇ ನಗರ ತಾನಾಗಿ ಎದ್ದು ಕಣಿವೆಯನ್ನೆಲ್ಲ ಆಳಿತೆಂಬ ಸಪಾಟಾದ ಕಥೆಯನ್ನು ಹೊತ್ತುಕೊಂಡು ಪ್ರವಾಸಿಗರು ಮನೆಗೆ ಹೋಗುತ್ತಾರೆ.

ಉಳಿದ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವ್ಯಾನು ಸ್ವಚ್ಛವಾಗಿತ್ತು, ಚಾಲಕರು ಸಮಾಧಾನಿ, ಊಟ ಸಾಧಾರಣ. ಬೆಟ್ಟದ ಮೇಲೆ ನೆರಳು ಕಡಿಮೆ. ಟೋಪಿ, ನೀರು ಮರೆಯಬಾರದು. ಪ್ರವೇಶದ್ವಾರದ ಬಳಿಯ ವಸ್ತುಸಂಗ್ರಹಾಲಯವನ್ನು ಕೊನೆಯಲ್ಲಿ ಓಡುತ್ತಾ ನೋಡಬೇಕಾಯಿತು, ಮೂಲ ಕೆತ್ತನೆಯ ಕಲ್ಲುಗಳಲ್ಲಿ ಕೆಲವು ಅಲ್ಲಿರುವುದರಿಂದ ಅದನ್ನು ಮೊದಲೇ ತೋರಿಸುವುದು ಒಳ್ಳೆಯದು. 1932ರಲ್ಲಿ ಕಾಸೊ ಏಳನೇ ಸಮಾಧಿಯಲ್ಲಿ ಕಂಡ ಚಿನ್ನವನ್ನು ನೋಡಬೇಕೆನ್ನುವವರು ನಗರದ ಸಾಂತೊ ದೊಮಿಂಗೊ ಆವರಣದ ಸಂಗ್ರಹಾಲಯಕ್ಕೆ ಬೇರೆಯೇ ಸಮಯ ತೆಗೆದಿಡಬೇಕು, ಅದು ಈ ಪ್ರವಾಸದಲ್ಲಿ ಸೇರಿಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ಅದರಲ್ಲಿ ಮೂರು ಆ ಮಾರ್ಗದರ್ಶಿಯವು. ಸುಮ್ಮನೆ ಬೆಟ್ಟ ನೋಡಿ ಬರುವವರಿಗೆ ಇದು ಧಾರಾಳವಾಗಿ ಸಾಕು. ಪ್ರಭುತ್ವದ ಹುಟ್ಟು ಎಂಬ ಜಾಹೀರಾತಿನ ಮಾತನ್ನು ನಂಬಿ ಹೋಗುವವರು, ಹಣ ಕಟ್ಟುವ ಮೊದಲೇ ಎಲ್ ಪಾಲೆಂಕೆಯ ಬಗ್ಗೆ ವಿವರಣೆ ಇದೆಯೇ, ಸಾನ್ ಹೊಸೆ ಮೊಗೋಟೆಗೆ ನಿಲುಗಡೆ ಸೇರಿಸಬಹುದೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಲಿ.