ಉಕ್ಕು, ಅಲ್ಯೂಮಿನಿಯಂ, ಅಂಟು: ಕುದುರೆಗೆ ಯಾವ ಲಾಳ?

ಮೂರನ್ನೂ ಹಾಕಿ ನೋಡಿದ ಮೇಲೆ ಉಳಿದ ಮಾತು ಇಷ್ಟು: ಮೊದಲು ಗೊರಸಿನ ಗೋಡೆ ನೋಡಿ, ಆಮೇಲೆ ಲಾಳ. ಗೋಡೆ ದಪ್ಪವಾಗಿ ಗಟ್ಟಿಯಾಗಿದ್ದರೆ ಮೊಳೆ ಹೊಡೆದ ಉಕ್ಕಿನ ಲಾಳವೇ ಮೇಲು. ಹಳೇ ಮೊಳೆತೂತುಗಳ ಸುತ್ತ ಗೋಡೆ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದರೆ ಅಂಟಿನ ಲಾಳ. ಅಲ್ಯೂಮಿನಿಯಂ ಬೇಕಾಗುವುದು ಕಡಿಮೆ, ಮುಖ್ಯವಾಗಿ ಓಟದ ಕುದುರೆಗೆ.

ಉಕ್ಕಿನ ದೊಡ್ಡ ಗುಣ, ಬಿಸಿಯಲ್ಲಿ ಕೂರಿಸಲು ಬರುವುದು. ಕುಲುಮೆಯಿಂದ ತೆಗೆದ ಲಾಳವನ್ನು ಸಮ ಮಾಡಿದ ಗೊರಸಿಗೆ ಎರಡು ಮೂರು ಸೆಕೆಂಡು ತಾಗಿಸಿ ತೆಗೆಯಿರಿ. ಕಂದುಗಪ್ಪು ಗುರುತು ಪೂರ್ತಿ ಬಿದ್ದಿದ್ದರೆ ಲಾಳ ಕೂತಿದೆ. ನಡುವೆ ಬಿಳಿ ಉಳಿದಿದ್ದರೆ ಅಲ್ಲಿ ತಗ್ಗಿದೆ, ಅರ ಮತ್ತೆ ಹಿಡಿಯಬೇಕು. ತಗ್ಗನ್ನು ಸುಟ್ಟೇ ಸರಿಮಾಡಲು ಹೋದರೆ ಅಂಗಾಲಿಗೆ ಶಾಖ ಇಳಿಯುತ್ತದೆ.

ಮೊಳೆ ಸಾಮಾನ್ಯವಾಗಿ ಆರು ಸಾಕು, ಬದಿಗೆ ಮೂರು, ಎಲ್ಲವೂ ಗೊರಸಿನ ಅತಿ ಅಗಲವಾದ ಜಾಗಕ್ಕಿಂತ ಮುಂದೆ. ಹಿಂದಕ್ಕೆ ಹೋದರೆ, ಹೆಜ್ಜೆಹೆಜ್ಜೆಗೂ ಅಗಲವಾಗಬೇಕಾದ ಹಿಮ್ಮಡಿ ಬಿಗಿದುಹೋಗುತ್ತದೆ. ಮೊಳೆಯ ಓರೆ ಮುಖ ಒಳಕ್ಕಿರಲಿ. ಆಗಲೇ ತುದಿ ಹೊರಕ್ಕೆ ಬಾಗಿ ಸುಮಾರು 2 ಸೆಂ.ಮೀ. ಮೇಲೆ ಬರುತ್ತದೆ. ಇಲ್ಲಿ ಕಿವಿ ಬೇಕು. ಗಟ್ಟಿ ಗೋಡೆಯಲ್ಲಿ ಏರುವ ಮೊಳೆಯ ಸದ್ದು ಏಟಿನಿಂದ ಏಟಿಗೆ ಚುರುಕಾಗುತ್ತದೆ. ಸದ್ದು ಮಂಕಾಗಿ ಮೊಳೆ ಸಲೀಸಾಗಿ ಜಾರಿದರೆ ಗೋಡೆಯೂ ಅಂಗಾಲೂ ಕೂಡುವ ಬಿಳಿ ಗೆರೆ ದಾಟಿ ಒಳಗೆ ಹೋಗುತ್ತಿದೆ ಎಂದೇ ಲೆಕ್ಕ, ಕೂಡಲೇ ಕೀಳಿ. ಜೀವದ ಪದರವನ್ನು ಚುಚ್ಚದೆ ಬರೀ ಒತ್ತುವ ಮೊಳೆ ಇನ್ನೂ ಮೋಸದ್ದು: ಅಂದು ಸರಿಯಾಗೇ ನಡೆದ ಕುದುರೆ ಎರಡನೇ ದಿನ ಕುಂಟಬಹುದು.

ಅಲ್ಯೂಮಿನಿಯಂ ಸಾಂದ್ರತೆ ಉಕ್ಕಿನ ಮೂರನೇ ಒಂದರಷ್ಟು. ಆದರೆ ಲಾಳವನ್ನು ದಪ್ಪವಾಗಿ ಮಾಡುವುದರಿಂದ ತೂಕ ಅಷ್ಟೇನೂ ಇಳಿಯದು. ಶುದ್ಧ ಲೋಹ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮಿಶ್ರಲೋಹ ಅದಕ್ಕೂ ಮೊದಲೇ. ಅದೂ ಕೆಂಪಾಗಿ ಎಚ್ಚರಿಸದೆ, ಕುಲುಮೆಯಲ್ಲೇ ಕುಸಿದುಬೀಳುತ್ತದೆ. ಕಾದ ಲಾಳಕ್ಕೆ ಮರದ ಕಡ್ಡಿ ಉಜ್ಜಿದಾಗ ಕರಿ ಗೆರೆ ಬಿದ್ದರೆ ಬಾಗಿಸಲು ಸಾಕಷ್ಟು ಕಾದಿದೆ. ಗಟ್ಟಿ ರಸ್ತೆಯಲ್ಲಿ ಮೊಳೆತಲೆಯ ಸುತ್ತಲ ಲೋಹ ಸವೆದು ಲಾಳ ಬೇಗ ಸಡಿಲವಾಗುತ್ತದೆ. ರಸ್ತೆ ಕುದುರೆಗೆ ಬೇಡವೇ ಬೇಡ.

ಅಂಟಿನ ಲಾಳ ಕಳಚಿಬಿದ್ದಾಗ ಅಂಟನ್ನು ಬೈಯುತ್ತಾರೆ. ತಪ್ಪು ಬಹುಪಾಲು ತಯಾರಿಯದ್ದು. 80 ನಂಬರಿನ ಉಜ್ಜುಕಾಗದದಿಂದ ಗೋಡೆಯ ಹೊಳಪು ಪೂರ್ತಿ ತೆಗೆಯಬೇಕು, ಹೀಟ್‌ಗನ್ ಆಡಿಸಿ ತೇವ ಆರಿಸಬೇಕು, ಆಮೇಲೆ ಬರಿಗೈ ತಾಗಿಸಬಾರದು. ಬೆರಳಿನ ಜಿಡ್ಡೂ ಹಿಡಿತ ಕೆಡಿಸುತ್ತದೆ. ಅಂಟಿನ ಎರಡು ಭಾಗ ಬೆರೆಯುವುದು ನಳಿಕೆಯಲ್ಲಿ; ಅದರಿಂದ ಮೊದಲು ಬರುವ ಅಂಟು ಸರಿಯಾಗಿ ಬೆರೆತಿರುವುದಿಲ್ಲ, ಬಣ್ಣ ಒಂದೇ ಸಮ ಆಗುವವರೆಗೆ ಹೊರಗೆ ಹಿಂಡಿಬಿಡಿ. ಅಂಟು ಗಟ್ಟಿಯಾಗುವ ಆ ಕೆಲವು ನಿಮಿಷ ಕುದುರೆ ಕಾಲು ಎಳೆದುಕೊಂಡರೆ ಒಳಗೇ ಬಿರುಕು ಬಿಡುತ್ತದೆ, ಮೇಲಿಂದ ಕಾಣದು. ಕಾಲು ಎತ್ತಿ ನಿಲ್ಲಲಾರದ ಕುದುರೆಗೆ ಇದು ಹೊಂದದು. ಬಿಸಿಲಲ್ಲಿ ಅಂಟು ಕೈಯಲ್ಲೇ ಗಟ್ಟಿಯಾಗುತ್ತದೆ, ಚಳಿಯಲ್ಲಿ ಗಟ್ಟಿಯಾಗಲು ಒಲ್ಲದು; ಡಬ್ಬಿಯನ್ನು ಹವೆ ನೋಡಿ ತಂಪಾಗಿಯೋ ಬೆಚ್ಚಗೋ ಇಟ್ಟುಕೊಳ್ಳಿ.

ಅಂಟು ಅಂಗಾಲಿನ ಮೇಲೆ ಹರಿಯಬಾರದು. ಹರಿದು ಗಟ್ಟಿಯಾದ ಉಂಡೆ ಬೂಟಿನೊಳಗಿನ ಕಲ್ಲಿನಂತೆ ಒತ್ತುತ್ತದೆ, ಕೆಳಗೆ ಸಿಕ್ಕಿದ ತೇವ ಕೊಳೆಯುತ್ತದೆ. ಕೀಳುವಾಗ ಮೊಳೆಯ ಲಾಳದಂತೆ ಇಕ್ಕಳ ಹಾಕಿ ಎಳೆದರೆ ಗೋಡೆಯೇ ಸುಲಿದು ಬರುತ್ತದೆ. ಮೊದಲು ಅಂಟಿನ ಗೆರೆಯನ್ನು ಅರದಿಂದ ತೆಳುವಾಗಿಸಬೇಕು. ಅಂಟಿನ ಲಾಳ ಹಾಕಲು ಉಕ್ಕಿಗೆ ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಬೇಕು, ಆ ಹೊತ್ತನ್ನು ಉಳಿಸಲು ಹೋದವರ ಲಾಳವೇ ಬೀಳುವುದು.

ಅಂಟು ಇನ್ನೂ ಹಿಡಿದಿದೆ ಎಂದು ಹತ್ತು ವಾರ ಬಿಡುವುದು ದೊಡ್ಡ ತಪ್ಪು. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ, ಅದರ ಮುಂತುದಿ ಉದ್ದವಾಗಿ ಸ್ನಾಯುರಜ್ಜುವಿಗೆ ಎಳೆತ ಬೀಳುತ್ತದೆ. ಯಾವ ಲಾಳವಾದರೂ ಆರು ವಾರಕ್ಕೆ ಬಿಚ್ಚಿ, ಹೆಚ್ಚೆಂದರೆ ಎಂಟು. ಇದೇ ಬೆಳವಣಿಗೆಯ ಲೆಕ್ಕ ಒಡೆದ ಗೋಡೆಗೂ ಒದಗುತ್ತದೆ: ಆರು ವಾರದ ಎರಡು ಸುತ್ತು ಅಂಟಿನ ಲಾಳ ಹಾಕಿದರೆ, ಮೊಳೆತೂತುಗಳಿದ್ದ ಆ 2 ಸೆಂ.ಮೀ. ಹೆಚ್ಚುಕಡಿಮೆ ಪೂರ್ತಿ ಬೆಳೆದು ಕೆಳಗಿಳಿಯುತ್ತದೆ. ಮೂರನೇ ಸುತ್ತಿಗೆ ತೂತಿಲ್ಲದ ಗೋಡೆ ಸಿಕ್ಕರೆ ಮತ್ತೆ ಉಕ್ಕಿಗೆ ಮರಳಬಹುದು, ಈ ಬಾರಿ ತೆಳು ಮೊಳೆಯಿಂದ.