ಬೆಳೆಯೋ ಪುಟ್ಟ ಕಾಲಿಗೆ ಯಾವ ಶೂ? ಫುಟ್‌ಪಾತ್, ಶೋರೂಮ್, ಆನ್‌ಲೈನ್, ಅಣ್ಣಂದಿರ ಹಳೇದು, ಎಲ್ಲ ಹಾಕಿಸಿ ನೋಡಿದ ಮೇಲೆ

ಒಂದರಿಂದ ಮೂರು ವರ್ಷದೊಳಗೆ ಮಗುವಿನ ಪಾದ ತಿಂಗಳಿಗೆ ಹೆಚ್ಚುಕಮ್ಮಿ ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಇಷ್ಟೇನಾ ಅನಿಸುತ್ತದೆ. ಆದರೆ ಶೂ ನಂಬರಿನ ಲೆಕ್ಕಕ್ಕೆ ಹಾಕಿ ನೋಡಿ. ಯೂರೋಪ್ ನಂಬರಿನಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ 6.67 ಮಿಲಿಮೀಟರ್ ವ್ಯತ್ಯಾಸ, ಯುಕೆ ನಂಬರಿನಲ್ಲಿ ಸುಮಾರು 8.5. ಅಂದರೆ ನಾಲ್ಕರಿಂದ ಆರು ತಿಂಗಳಿಗೆ ಒಂದು ಸೈಜ್ ದಾಟುತ್ತದೆ. ವರ್ಷಕ್ಕೆ ಎರಡು ಜೊತೆ, ಕೆಲವರಿಗೆ ಮೂರು. ಒಂದು ಜೊತೆಗೆ ಸಾವಿರ ಅಂದರೂ ಬಾಡಿಗೆ, ಹಾಲು, ಡೈಪರ್ ಎಲ್ಲ ಕಳೆದು ಉಳಿಯೋ ದುಡ್ಡಿನಲ್ಲಿ ಅದು ಸಣ್ಣ ಮೊತ್ತ ಅಲ್ಲ.

ನಮ್ಮ ಮಗನಿಗೆ ಈಗ ಎರಡೂವರೆ ದಾಟಿದೆ. ಇರೋದು ಬೆಂಗಳೂರು. ಅವನು ನಡೆಯೋಕೆ ಶುರು ಮಾಡಿದಾಗಿನಿಂದ ಇಲ್ಲಿ ಹೇಳೋ ಎಲ್ಲ ಬಗೆಯ ಶೂಗಳನ್ನೂ ಅವನ ಕಾಲಿಗೆ ಹಾಕಿಸಿ, ಓಡಾಡಿಸಿ ನೋಡಿದ್ದೇನೆ. ನನಗೆ ಖಾತ್ರಿಯಾದ ಮಾತು ಒಂದೇ: ಈ ವಯಸ್ಸಿನ ಶೂ ಬಾಳಿಕೆ ಬರಬೇಕಾದ ಅಗತ್ಯವೇ ಇಲ್ಲ. ಸವೆಯೋ ಮೊದಲು ಚಿಕ್ಕದಾಗುತ್ತದೆ. ಹಾಗಾಗಿ ಗಟ್ಟಿಮುಟ್ಟು ಅಂತ ದುಡ್ಡು ಸುರಿಯೋ ಬದಲು ಅಳತೆ ಸರಿಯಾಗಿ ಕೂರೋದಕ್ಕೆ ಕೊಡಿ.

ಇನ್ನೊಂದು ವಿಷಯ ನಮ್ಮ ಪರವಾಗಿದೆ. ನಮ್ಮ ಮನೆಗಳಲ್ಲಿ ಚಪ್ಪಲಿ ಹೊಸ್ತಿಲಿನಾಚೆಗೇ ನಿಲ್ಲುತ್ತದೆ. ಮಗು ಮನೆಯಲ್ಲೆಲ್ಲ ಬರಿಗಾಲಲ್ಲೇ ಓಡಾಡುತ್ತದೆ, ಮಕ್ಕಳ ಡಾಕ್ಟರುಗಳು ಹೇಳೋದೂ ಅದನ್ನೇ, ನಡಿಗೆ ಕಲಿಯೋ ಮಗುವಿಗೆ ಬರಿಗಾಲು ಒಳ್ಳೆಯದು, ಶೂ ಬೇಕಾಗಿರೋದು ಹೊರಗಿನ ಕಲ್ಲು, ಗಾಜು, ಬಿಸಿಲಿಗೆ ಕಾದ ನೆಲದಿಂದ ಕಾಪಾಡೋಕೆ ಅಷ್ಟೇ. ಪಾರ್ಕು, ಮಾರ್ಕೆಟ್ಟು, ಪ್ಲೇಹೋಮ್. ಒಂದೇ ಒಂದು ಸರಿಯಾದ ಜೊತೆ ಸಾಕು. ಬಟ್ಟೆಗೊಂದು ಬಣ್ಣದ ಶೂ ಬೇಡ. ಅಂಗಾಲು ಚಪ್ಪಟೆ ಇದೆ ಅಂತ ಗಾಬರಿ ಬೀಳಬೇಡಿ, ಈ ವಯಸ್ಸಿನಲ್ಲಿ ಅಂಗಾಲಲ್ಲಿ ಕೊಬ್ಬು ತುಂಬಿರುತ್ತದೆ, ಬಹುತೇಕ ಮಕ್ಕಳಿಗೆ ಅದು ಹಾಗೇ ಕಾಣೋದು, ಕಮಾನು ಮೂಡೋಕೆ ವರ್ಷಗಳು ಬೇಕು. "ಆರ್ಚ್ ಸಪೋರ್ಟ್" ಅಂತ ಬರೆದಿದೆ ಅನ್ನೋ ಒಂದೇ ಕಾರಣಕ್ಕೆ ಮುನ್ನೂರು ರೂಪಾಯಿ ಜಾಸ್ತಿ ಕೊಡಬೇಡಿ, ಡಾಕ್ಟರ್ ಹೇಳಿದ್ದರೆ ಆ ಮಾತು ಬೇರೆ.

ಅಂಗಡಿಗೆ ಹೋಗೋ ಮುಂಚೆ ಅಳತೆ. ಇದೊಂದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಸಂಜೆ ಹೊತ್ತು ಅಳೆಯಿರಿ, ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ. ನೆಲದ ಮೇಲೆ ಗೋಡೆಗೆ ತಾಗಿಸಿ ಒಂದು ಹಾಳೆ ಇಟ್ಟು, ಹಿಮ್ಮಡಿ ಗೋಡೆಗೆ ತಾಗುವ ಹಾಗೆ ಮಗುವನ್ನು ನಿಲ್ಲಿಸಿ. ಕೂರಿಸಿಕೊಂಡು ಅಳೆದರೆ ಸರಿ ಬರಲ್ಲ, ನಿಂತಾಗ ಭಾರಕ್ಕೆ ಪಾದ ಹರಡುತ್ತದೆ. ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ, ಅದು ಹೆಬ್ಬೆರಳೇ ಆಗಿರಬೇಕು ಅಂತಿಲ್ಲ. ಎರಡೂ ಕಾಲು ಅಳೆದು ದೊಡ್ಡ ಕಾಲಿನ ಲೆಕ್ಕ ಹಿಡಿಯಿರಿ. ಅದಕ್ಕೆ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಸೇರಿಸಿ, ಅಷ್ಟುದ್ದಕ್ಕೆ ಒಂದು ಬೆರಳಗಲದ ಪಟ್ಟಿ ಕತ್ತರಿಸಿ. ನಾನು ಹಳೇ ಲಗ್ನಪತ್ರಿಕೆಯ ದಪ್ಪ ಕಾರ್ಡಿನಲ್ಲಿ ಕತ್ತರಿಸುತ್ತೇನೆ. ಕಾಲು 12.8 ಸೆಂಟಿಮೀಟರ್ ಇದ್ದಾಗ ಪಟ್ಟಿ 13.9. ಈ ಪಟ್ಟಿ ಪರ್ಸಿನಲ್ಲಿ ಇದ್ದರೆ ಅಳುವ ಮಗುವಿನ ಕಾಲಿಗೆ ಹತ್ತು ಶೂ ತುರುಕೋ ಕಷ್ಟ ಇಲ್ಲ. ಶೂ ಒಳಗೆ ಹಿಮ್ಮಡಿಯಿಂದ ತುದಿವರೆಗೆ ಪಟ್ಟಿ ಮಲಗಿಸಿ, ಮಡಚದೆ, ಅಲ್ಲಾಡದೆ ಕೂತರೆ ಅದು ನಿಮ್ಮ ಸೈಜ್. ಮೇಲೆ ಯಾವ ನಂಬರ್ ಬರೆದಿದೆ ಅನ್ನೋದು ಮುಖ್ಯ ಅಲ್ಲ.

ಮೊದಲು ಫುಟ್‌ಪಾತ್. ಮಲ್ಲೇಶ್ವರಂ 8ನೇ ಕ್ರಾಸ್, ಜಯನಗರ 4ನೇ ಬ್ಲಾಕ್ ಕಡೆ ಇನ್ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಚೌಕಾಸಿ ಮಾಡಿದರೆ ಇನ್ನೂ ಕಡಿಮೆ. ಇಲ್ಲಿ ಕೇಳೋದು ಕಾಲಿನ ಅಳತೆ ಅಲ್ಲ, "ಎಷ್ಟ್ ವರ್ಷ ಮಗು ಅಕ್ಕಾ?" ಅಂತ. ಒಂದೇ ರಾಶಿಯಲ್ಲಿ 5 ಅಂತ ಬರೆದ ಎರಡು ಬೇರೆ ಮಾದರಿ ಎತ್ತಿಕೊಂಡೆ. ಒಂದರಲ್ಲಿ ನನ್ನ ಪಟ್ಟಿ ಬಿಲ್ಲಿನ ಹಾಗೆ ಬಾಗಿತು, ಇನ್ನೊಂದರಲ್ಲಿ ಮುಂದೆ ಇನ್ನೂ ಅರ್ಧ ಸೆಂಟಿಮೀಟರ್ ಜಾಗ. ಬಿಗಿಯಾದದ್ದನ್ನು ಹಿಡಿದು ಆತ ಹೇಳಿದ, "ತಗೊಳ್ಳಿ ಅಕ್ಕಾ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ." "ಬೇಡಪ್ಪ, ಇದು ರೆಕ್ಸಿನ್, ಹಿಗ್ಗಲ್ಲ" ಅಂದೆ. ಆತನೂ ನಕ್ಕು ಇನ್ನೊಂದು ರಾಶಿ ತೋರಿಸಿದ. ತಾಳ್ಮೆಯಿಂದ ಪಟ್ಟಿ ಹಾಕಿ ಹುಡುಕಿದರೆ ಒಳ್ಳೇದು ಸಿಗುತ್ತದೆ, ಸಿಗಲ್ಲ ಅಂತಲ್ಲ. ಆದರೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಬೆರಳು ಮಡಚೋ ಜಾಗದಲ್ಲಿ ಬಗ್ಗಬೇಕು. ಹಲವು ಶೂಗಳ ಅಟ್ಟೆ ಹಲಗೆ ಥರ ಇರುತ್ತದೆ, ಬಗ್ಗೋದೇ ಇಲ್ಲ, ಅಂಥದ್ದನ್ನು ಹಾಕಿದರೆ ಮಗು ಕಾಲೆತ್ತಿ ಕಾಲೆತ್ತಿ ಇಡುತ್ತದೆ.

ಪೀಂ ಪೀಂ ಅಂತ ಸದ್ದು ಮಾಡೋ ಶೂ ಬಗ್ಗೆ ಒಂದು ಮಾತು. ಮಗುವಿಗೆ ಖುಷಿ, ನಿಜ. ಆದರೆ ಸದ್ದು ಬರಲಿ ಅಂತ ಹಿಮ್ಮಡಿ ಕುಟ್ಟಿ ಕುಟ್ಟಿ ನಡೆಯುತ್ತದೆ, ಒಳಗಿನ ಪೀಪಿಗೆ ಗಾಳಿ ಹೋಗೋ ತೂತಿನಿಂದ ಕೆಸರು ನೀರು ಒಳಗೆ ಬರುತ್ತದೆ. ಮನೆಯಂಗಳದಲ್ಲಿ ಹತ್ತು ನಿಮಿಷ ಆಟಕ್ಕೆ ಸರಿ. ದಿನಾ ಹಾಕೋ ಶೂ ಅಲ್ಲ ಅದು.

ಶೋರೂಮ್ ಶೂ. ಹೆಸರಿರೋ ಬ್ರ್ಯಾಂಡ್‌ಗಳಲ್ಲಿ ಈ ಸೈಜಿಗೆ ಏಳುನೂರರಿಂದ ಸಾವಿರದ ಇನ್ನೂರು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಚಪ್ಪಲಿ, ಶೂಗಳಿಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ, ಅದಕ್ಕೂ ಮೊದಲು ಸಾವಿರ ದಾಟಿದರೆ ಶೇ 18 ಇತ್ತು. ಬಿಲ್ ನೋಡುವಾಗ ನೆನಪಿರಲಿ. ಗುಣಮಟ್ಟದಲ್ಲಿ ನನಗೆ ತಕರಾರಿಲ್ಲ. ಹಿಮ್ಮಡಿ ಭಾಗ ಗಟ್ಟಿ, ಮುಂದೆ ಮೆತ್ತಗೆ ಬಗ್ಗುತ್ತದೆ, ಒಳಗೆ ಹೊಲಿಗೆ ಚುಚ್ಚಲ್ಲ. ಇಲ್ಲೂ ಅಳತೆಯ ಕೆಲಸ ನಮ್ಮದೇ. ಮಾರೋ ಹುಡುಗ ಶೂ ತುದಿ ಒತ್ತಿ ನೋಡಿ "ಕರೆಕ್ಟಾಗಿದೆ ಮೇಡಂ" ಅನ್ನುತ್ತಾನೆ. ಒತ್ತಿದ ಕೂಡಲೇ ಮಗು ಬೆರಳು ಒಳಗೆ ಮಡಚಿಕೊಳ್ಳುತ್ತದೆ, ಜಾಗ ಇದೆ ಅನಿಸಿಬಿಡುತ್ತದೆ. ಅದಕ್ಕಿಂತ ಶೂ ಒಳಗೆ ಹಾಸಿರೋ ಮೆತ್ತೆ, ಅಂದರೆ ಇನ್‌ಸೋಲ್, ಹೊರಗೆ ತೆಗೆದು ಅದರ ಮೇಲೆ ಮಗುವನ್ನು ನಿಲ್ಲಿಸಿ. ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಉಳಿದಿದೆಯಾ, ಪಕ್ಕದಲ್ಲಿ ಮಾಂಸ ಹೊರಗೆ ಚೆಲ್ಲಿದೆಯಾ, ಕಣ್ಣಿಗೇ ಕಾಣುತ್ತದೆ. ಬಿಗಿ ಶೂ ಹಾಕಿದರೆ ಈ ವಯಸ್ಸಿನ ಮಗು ಅಳದೇ ಇರಬಹುದು. ಅದರ ಪಾದದಲ್ಲಿ ಇನ್ನೂ ಬಹುಪಾಲು ಮೆತ್ತನೆ ಮೃದ್ವಸ್ಥಿಯೇ ಇರೋದು, ಒತ್ತಿದ ಕಡೆಗೆ ಬಾಗುತ್ತದೆ, ಅದಕ್ಕೇ ನಾವೇ ನೋಡಬೇಕು.

ಅಗಲ ಇಲ್ಲಿ ದೊಡ್ಡ ಸಮಸ್ಯೆ. ನಮ್ಮವನ ಪಾದ ಅಗಲ, ಮೇಲೆ ಉಬ್ಬು ಬೇರೆ. ಉದ್ದ ಸರಿ ಹೋದರೆ ಪಕ್ಕ ಕಚ್ಚುತ್ತದೆ. ಇದು ಅವನೊಬ್ಬನದೇ ಕಥೆ ಅಲ್ಲ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಯೂರೋಪ್, ಅಮೆರಿಕದವರಿಗಿಂತ ನಮ್ಮವರ ಪಾದ ಅಗಲ ಅಂತ ಗೊತ್ತಾಯಿತು, ಭಾರತಕ್ಕೇ ಅಂತ "ಭ" ಅನ್ನೋ ಸೈಜ್ ಪದ್ಧತಿಯ ಪ್ರಸ್ತಾಪವೂ ಆಯಿತು, ಅದರಲ್ಲಿ ಒಂದರಿಂದ ಮೂರು ವರ್ಷದವರಿಗೇ ಬೇರೆ ಗುಂಪಿದೆ. ಅಂಗಡಿಯಲ್ಲಿ ಇವತ್ತು ಸಿಗೋದರಲ್ಲಿ ಆರಿಸೋದಾದರೆ ವೆಲ್ಕ್ರೋ ಪೂರ್ತಿ ಬಿಚ್ಚಿ ಬಾಯಿ ಅಗಲವಾಗಿ ತೆರೆಯೋ ಶೂ ಆರಿಸಿ. ಕಾಲು ತೂರಿಸಿ ಎಳೆದುಕೊಳ್ಳೋ ಮಾದರಿ ಅಗಲ ಪಾದಕ್ಕೆ ಬೇಡವೇ ಬೇಡ.

ಮೂರನೆಯದು ದೊಡ್ಡ ಸ್ಪೋರ್ಟ್ಸ್ ಮಳಿಗೆಗಳಲ್ಲಿ ಸಿಗೋ ಪುಟ್ಟ ಮಕ್ಕಳ ಜಿಮ್ ಶೂ. ಐನೂರು, ಆರುನೂರು ಬೀಳುತ್ತದೆ. ನೋಡೋಕೆ ಏನೂ ಚೆಂದ ಇಲ್ಲ, ಹಬ್ಬದ ಫೋಟೋಗೆ ಹೊಂದಲ್ಲ. ಆದರೆ ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗಲ್ಲ, ಅಟ್ಟೆಯನ್ನು ಎರಡು ಬೆರಳಲ್ಲೇ ಮಡಚಬಹುದು, ಸೆಂಟಿಮೀಟರ್ ಲೆಕ್ಕದ ಸೈಜ್ ಪಟ್ಟಿ ಅಲ್ಲೇ ಸಿಗುತ್ತದೆ. ಹಾಕಿದ ಮೊದಲ ದಿನವೇ ನಮ್ಮವನು ಬರಿಗಾಲಲ್ಲಿ ಓಡೋ ಹಾಗೇ ಪಾರ್ಕಿನಲ್ಲಿ ಓಡಿದ, ಎಡವಲಿಲ್ಲ, ಬಿಚ್ಚು ಅಂತ ಹಟ ಮಾಡಲಿಲ್ಲ. ಅಟ್ಟೆ ತೆಳು, ನಮ್ಮ ರಸ್ತೆಯ ಜಲ್ಲಿಗೆ ಬೇಗ ಸವೆಯುತ್ತದೆ, ಮಳೆಯಲ್ಲಿ ನೆನೆದರೆ ಒಣಗೋಕೆ ಹೊತ್ತು ಬೇಕು. ಸವೆದರೆ ಸವೆಯಲಿ, ಅಷ್ಟರೊಳಗೆ ಕಾಲೂ ಬೆಳೆದಿರುತ್ತದೆ. ಒಂದೇ ಜೊತೆ ಹೊಸದು ಕೊಳ್ಳೋದಾದರೆ ನಾನು ಇದನ್ನೇ ಕೊಳ್ಳೋದು.

ಆನ್‌ಲೈನ್ ವಿಷಯ ಬೇಗ ಮುಗಿಸುತ್ತೇನೆ. ಬೆಲೆ ಕಡಿಮೆ, ಬಣ್ಣ ಜಾಸ್ತಿ. ಸೈಜ್ ಚಾರ್ಟಿನಲ್ಲಿ ಕೊಟ್ಟಿರೋದು ಪಾದದ ಉದ್ದವೋ ಇನ್‌ಸೋಲಿನ ಉದ್ದವೋ ನೋಡಿಕೊಳ್ಳಿ, ಎರಡಕ್ಕೂ ಒಂದು ಸೆಂಟಿಮೀಟರ್ ವ್ಯತ್ಯಾಸ, ಅಂದರೆ ಒಂದಕ್ಕಿಂತ ಜಾಸ್ತಿ ಸೈಜೇ. ಎಷ್ಟೋ ಕಡೆ ಅದನ್ನು ಬರೆದೇ ಇರಲ್ಲ, "2–3 ವರ್ಷ" ಅಂತ ಮಾತ್ರ ಇರುತ್ತದೆ, ಅಂಥದ್ದನ್ನು ಬಿಟ್ಟುಬಿಡಿ. ಬಂದ ಶೂವನ್ನು ಚಾಪೆ ಮೇಲೇ ಹಾಕಿಸಿ ನೋಡಿ, ಅಟ್ಟೆಗೆ ಧೂಳು ಅಂಟಿದರೆ ವಾಪಸ್ ತಗೊಳ್ಳಲ್ಲ. ಒಂದು ಕಡೆಯಿಂದ ವಾಪಸ್ ಕಳಿಸಿದ ಜೊತೆಯ ದುಡ್ಡು ಬರೋಕೆ ಎಷ್ಟು ಕಾಯಿಸಿದರು ಅಂದರೆ ಆಮೇಲೆ ಆ ಕಡೆ ಹೋಗಿಲ್ಲ. ಸೈಜ್ ಗೊತ್ತಿರೋ ಮಾದರಿಯನ್ನೇ ಮತ್ತೆ ತರಿಸೋಕೆ ಮಾತ್ರ ಆನ್‌ಲೈನ್ ಚೆನ್ನಾಗಿದೆ.

ಈಗ ಹಳೇ ಶೂ. ನಮ್ಮಕ್ಕನ ಮಗನದು ಒಂದು ಚೀಲ ಬಂದಿತ್ತು. ಬೇರೆಯವರ ಶೂ ಹಾಕಿಸಬಾರದು ಅಂತ ಕೆಲವರು ಖಡಾಖಂಡಿತವಾಗಿ ಹೇಳುತ್ತಾರೆ, ನಾನು ಒಪ್ಪಲ್ಲ. ಜೊತೆಯಿಂದ ಜೊತೆಗೆ ನೋಡಬೇಕು. ಮೇಜಿನ ಮೇಲೆ ಇಟ್ಟು ಹಿಂದಿನಿಂದ ನೋಡಿ, ಒಂದು ಕಡೆ ವಾಲಿದರೆ ಬೇಡ. ಹಿಮ್ಮಡಿಯ ಗೋಡೆ ತುಳಿದು ಮಡಚಿದ್ದರೆ ಬೇಡ. ಒಳಗೆ ಬೆರಳಾಡಿಸಿ, ಹಳೇ ಬೆರಳುಗಳ ಗುಳಿ ಆಳವಾಗಿ ಸಿಕ್ಕಿದರೆ ಬೇಡ. ದಿನಾ ಹಾಕಿದ ಶೂಗಳು ಇಲ್ಲೇ ಉದುರುತ್ತವೆ. ಹುಟ್ಟುಹಬ್ಬಕ್ಕೆ, ಮದುವೆಗೆ ಅಂತ ಕೊಂಡು ಎರಡು ಸಲ ಹಾಕಿ ಎತ್ತಿಟ್ಟ ಜೊತೆಗಳು ಉಳಿಯುತ್ತವೆ, ಅವು ಹೊಸದೇ. ಒಳಗೆಲ್ಲ ಒರೆಸಿ, ಬಿಸಿಲಿಗೆ ಇಟ್ಟರೆ ಆಯಿತು. ಆದರೆ ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದದ್ದನ್ನು ಒಮ್ಮೆ ಜೋರಾಗಿ ಬಗ್ಗಿಸಿ ನೋಡಿ. ಪಿಯು (ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್) ಅಟ್ಟೆ ಗಾಳಿಯ ತೇವಕ್ಕೆ ಒಳಗೊಳಗೇ ಹಾಳಾಗಿ, ಹಾಕದೇ ಇಟ್ಟರೂ ಪುಡಿಪುಡಿ ಉದುರುತ್ತದೆ.

ನಮ್ಮತ್ತೆ ಕಡೆಯ ಸಲಹೆ ಬೇರೆ. "ಒಂದ್ ಸೈಜ್ ದೊಡ್ಡದೇ ತಗೊಳ್ಳಮ್ಮ, ಬೆಳೆಯೋ ಕಾಲು, ಮುಂದಿನ ಯುಗಾದಿಗೂ ಆಗುತ್ತೆ." ಎಲ್ಲರ ಮನೆಯಲ್ಲೂ ಕೇಳೋ ಮಾತೇ, ಅಲ್ವಾ? "ಚಪ್ಪಲಿ ಆದ್ರೆ ಸರಿ ಅತ್ತೆ, ಶೂ ಬೇಡ" ಅಂದು ಅವರ ಮುಂದೆಯೇ ದೊಡ್ಡ ಜೊತೆ ಹಾಕಿಸಿ ನಡೆಸಿದೆ. ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೆ ಬಂತು, ಅದನ್ನು ಹಿಡಿದುಕೊಳ್ಳೋಕೆ ಬೆರಳು ಮಡಚಿಕೊಂಡು ನಡೆದ. ತುದಿಗೆ ಹತ್ತಿ ತುರುಕಿದರೂ ಹಿಮ್ಮಡಿ ಜಾರೋದು ನಿಲ್ಲಲ್ಲ. ಅತ್ತೆಯೇ "ಬಿಡಮ್ಮ, ಬೇಡ" ಅಂದರು. ಒಂದೂಕಾಲು ಸೆಂಟಿಮೀಟರ್ ಜಾಗ ಇಟ್ಟು ಕೊಂಡು, ಅದು ಅರ್ಧ ಸೆಂಟಿಮೀಟರಿಗೆ ಇಳಿದಾಗ ಬದಲಾಯಿಸಿದರೆ ನಾಲ್ಕೈದು ತಿಂಗಳು ಬರುತ್ತದೆ. ಅದಕ್ಕಿಂತ ಜಾಸ್ತಿ ಎಳೆಯೋಕೆ ಆಗಲ್ಲ.

ಚಪ್ಪಲಿ ಅಂದೆನಲ್ಲ, ಹಿಂದೆ ಪಟ್ಟಿ ಇರೋ ಸ್ಯಾಂಡಲ್. ಇನ್ನೂರೈವತ್ತು, ಮುನ್ನೂರಕ್ಕೆ ಒಳ್ಳೇದೇ ಸಿಗುತ್ತದೆ. ನಮ್ಮ ಹವೆಗೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಶೂಗಿಂತ ಇದೇ ಮೇಲು. ನೆನೆದರೆ ಒರೆಸಿ ಹಾಕಬಹುದು, ಕಾಲು ಬೆವರಲ್ಲ, ಪಟ್ಟಿ ಸಡಿಲ ಮಾಡಿ ಸ್ವಲ್ಪ ಹೆಚ್ಚು ದಿನ ಎಳೆಯಬಹುದು, ಬೆರಳು ಅಂಚಿಗೆ ಬಂದದ್ದು ಎದುರಿಗೇ ಕಾಣುತ್ತದೆ. ಆಷಾಢದ ಸೇಲಿನಲ್ಲಿ ಮುಂದಿನ ಸೈಜ್ ತಂದಿಡೋದಾದರೆ ಇದನ್ನು ಮಾತ್ರ ತಂದಿಡಿ. ಮುಂದೆ ಮುಚ್ಚಿರೋದು ಆರಿಸಿ, ಓಡೋ ಮಗುವಿನ ಬೆರಳು ಕಲ್ಲಿಗೆ ತಾಗೋದು ತಪ್ಪುತ್ತದೆ. ರಬ್ಬರಿನಂಥ ಮೆತ್ತನೆ ಕ್ಲಾಗ್ ಚಪ್ಪಲಿ ಮಳೆಗೆ ಅನುಕೂಲ, ಆದರೆ ಮೆಟ್ರೋ, ಮಾಲ್‌ಗಳಲ್ಲಿ ಎಸ್ಕಲೇಟರ್ ಹತ್ತುವಾಗ ಮಗುವನ್ನು ಎತ್ತಿಕೊಳ್ಳಿ. ಆ ಮೆತ್ತನೆ ಅಂಚು ಸಂದಿಗೆ ಸಿಕ್ಕಿ ಮಕ್ಕಳ ಕಾಲಿಗೆ ಪೆಟ್ಟಾದ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ಆಗಿವೆ.

ಕೈಯಲ್ಲಿ ಮುನ್ನೂರು ಇದ್ದರೆ ಮುಂದೆ ಮುಚ್ಚಿದ ಸ್ಯಾಂಡಲ್, ಮಳೆ ಇರಲಿ ಬಿಸಿಲಿರಲಿ. ಆರುನೂರು ಇದ್ದರೆ ಆ ಮೆತ್ತನೆ ಜಿಮ್ ಶೂ. ಸಾವಿರ ಇದ್ದರೂ ಶೋರೂಮ್ ಶೂ ಒಂದೇ ಕೊಳ್ಳೋ ಬದಲು ಈ ಎರಡೂ ಕೊಳ್ಳುತ್ತೇನೆ. ಪ್ಲೇಹೋಮಿನವರು ಕಪ್ಪು ಶೂ ಕಡ್ಡಾಯ ಅಂದರೆ ಮಾತ್ರ ಶೋರೂಮ್, ಅದೂ ಅಕ್ಕತಂಗಿಯರ, ಗೆಳತಿಯರ ಮನೆಯಲ್ಲಿ ಕೇಳಿದ ಮೇಲೆ. ಚಿಕ್ಕದಾದ ಜೊತೆಯನ್ನು ಒಗೆದು ಒಣಗಿಸಿ ಕೊಡುವಾಗ ಅಟ್ಟೆಗೆ ಒಂದು ಚೀಟಿ ಅಂಟಿಸಿ, ಒಳಗಿನ ಉದ್ದ ಸೆಂಟಿಮೀಟರಿನಲ್ಲಿ ಬರೆದುಬಿಡಿ. ತಗೊಳ್ಳೋ ಮನೆಯವರು ತಮ್ಮ ಮಗುವಿನ ಪಟ್ಟಿ ಹಿಡಿದು ನೋಡಿಕೊಳ್ಳುತ್ತಾರೆ.