ಅರಲ್ ಸಮುದ್ರದ ಜೀಪ್ ಟೂರ್: ರಾತ್ರಿ ಉಳಿಯೋದನ್ನೇ ತಗೊಳ್ಳಿ

ಉಜ್ಬೇಕಿಸ್ತಾನಕ್ಕೆ ಹೋಗುವ ನಮ್ಮವರು ತಾಷ್ಕೆಂಟ್, ಸಮರ್ಕಂಡ್, ಬುಖಾರ ನೋಡಿ ವಾಪಸ್ ಬರುತ್ತಾರೆ. ಟೈಮ್ ಇದ್ದರೆ ಖೀವಾ. ಅದರಾಚೆ, ದೇಶದ ವಾಯವ್ಯ ಮೂಲೆಯಲ್ಲಿ ಕರಕಲ್ಪಾಕ್‌ಸ್ತಾನ ಅನ್ನೋ ಸ್ವಾಯತ್ತ ಗಣರಾಜ್ಯ ಇದೆ. ಅದರ ರಾಜಧಾನಿ ನುಕುಸ್‌ನಿಂದ ಅರಲ್ ಸಮುದ್ರಕ್ಕೆ ಜೀಪ್ ಟೂರ್‌ಗಳು ಹೊರಡುತ್ತವೆ. ಇದರಲ್ಲಿ ಎರಡು ಥರ ಇದೆ. ಒಂದು, ಹಿಂದೆ ಬಂದರಾಗಿದ್ದ ಮೊಯ್ನಾಕ್ ಊರಿಗೆ ಹೋಗಿ ತುಕ್ಕು ಹಿಡಿದ ಹಡಗುಗಳನ್ನು ನೋಡಿ ಸಂಜೆಗೆ ವಾಪಸ್. ಇನ್ನೊಂದು, ಒಣಗಿದ ಸಮುದ್ರದ ತಳದ ಮೇಲೇ ಹೋಗಿ, ಈಗ ನೀರು ಇರುವ ಕಡೆ ರಾತ್ರಿ ಉಳಿದು, ಮರುದಿನ ಬೇರೆ ದಾರಿಯಲ್ಲಿ ಬರುವುದು. ನಾವು ಸೆಪ್ಟೆಂಬರ್‌ನಲ್ಲಿ ಹೋಗಿದ್ದು ಎರಡನೇದಕ್ಕೆ. ದುಡ್ಡು ಜಾಸ್ತಿ. ಆದರೂ ಅದನ್ನೇ ತಗೊಳ್ಳಿ ಅಂತ ಹೇಳುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ.

ನುಕುಸ್‌ನಿಂದ ಮೊಯ್ನಾಕ್‌ಗೆ ಸುಮಾರು 200 ಕಿಲೋಮೀಟರ್. ಹೆಚ್ಚಿನವರು ಈ ದಾರಿಯಲ್ಲಿ ನಿದ್ದೆ ಮಾಡುತ್ತಾರೆ. ನಮ್ಮ ಗೈಡ್ ಬಿಡಲಿಲ್ಲ, ಒಂದು ಹತ್ತಿ ಹೊಲದ ಪಕ್ಕ ಗಾಡಿ ನಿಲ್ಲಿಸಿದರು. ಬದುವಿನ ಉದ್ದಕ್ಕೂ ಬೆಳ್ಳಗೆ ಉಪ್ಪು ಕಟ್ಟಿ ನಿಂತಿತ್ತು. ಸಿಂಧನೂರು, ಗಂಗಾವತಿ ಕಡೆಯವರಿಗೆ ಇದನ್ನು ವಿವರಿಸೋದೇ ಬೇಡ, ಅದೇ ಸವಳು, ಉಪ್ಪು ಸೇರಿ ಕೆಟ್ಟ ಮಣ್ಣು. ಇಲ್ಲಿಯ ರೈತರು ಬಿತ್ತನೆಗೆ ಮುಂಚೆ ಹೊಲ ತುಂಬ ನೀರು ನಿಲ್ಲಿಸಿ ಉಪ್ಪು ತೊಳೆಯುತ್ತಾರೆ. ಅಂದರೆ ಬೆಳೆಗೂ ನೀರು, ಉಪ್ಪು ತೊಳೆಯೋಕೂ ನೀರು. ಎಲ್ಲವೂ ಅಮು ದರಿಯಾ ನದಿಯದ್ದೇ. 1960ರ ದಶಕದಿಂದ ಸೋವಿಯತ್ ಸರ್ಕಾರ ಹತ್ತಿಗಾಗಿ ಅಮು ದರಿಯಾ, ಸಿರ್ ದರಿಯಾ ಎರಡೂ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸುತ್ತಾ ಹೋಯಿತು. ಆಗ ಸುಮಾರು 68,000 ಚದರ ಕಿಲೋಮೀಟರ್ ಇದ್ದ ಅರಲ್, ಹೆಸರಿಗೆ ಸಮುದ್ರವಾದರೂ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಈಗ ಉಳಿದಿರೋದು ಅದರ ಸಣ್ಣ ತುಣುಕುಗಳು. ಆ ಹೊಲದ ಬದುವಿನಲ್ಲಿ ನಿಂತು ಕೇಳಿದ ಮೇಲೆ ಮುಂದಿನದ್ದೆಲ್ಲ ಅರ್ಥ ಆಗುತ್ತಾ ಹೋಯಿತು. ಒಳ್ಳೆಯ ಗೈಡ್ ಅಂದರೆ ಇಂಥವರು. ಅವರು ಮೊಯ್ನಾಕ್‌ನವರೇ, ಅಜ್ಜ ಮೀನುಗಾರರಾಗಿದ್ದರಂತೆ.

ಮೊಯ್ನಾಕ್‌ನ ಹಡಗುಗಳ ಫೋಟೋ ಎಲ್ಲರೂ ನೋಡಿರುತ್ತೀರಿ, ಅದರ ಬಗ್ಗೆ ಜಾಸ್ತಿ ಬರೆಯೋಲ್ಲ. ಆದರೆ ದಿಬ್ಬದ ಮೇಲೆ ನಿಂತು ಫೋಟೋ ತೆಗೆದು ಹೊರಟುಬಿಡಬೇಡಿ. ಕೆಳಗೆ ಇಳಿದು ನಡೆಯಿರಿ. ಮರಳಲ್ಲಿ ಕಾಲಿಟ್ಟಲ್ಲೆಲ್ಲ ಸಣ್ಣ ಚಿಪ್ಪುಗಳು ಪುಡಿ ಆಗುವ ಸದ್ದು ಬರುತ್ತೆ. ಕೈಯಲ್ಲಿ ಎತ್ತಿ ನೋಡಿದೆ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು, ಒಳಗಡೆ ಇನ್ನೂ ಹೊಳಪು. ಅಲ್ಲೇ ಇರುವ ಚಿಕ್ಕ ಮ್ಯೂಸಿಯಂ ತಪ್ಪಿಸಬೇಡಿ. ಮೀನಿನ ಕಾರ್ಖಾನೆಯ ಡಬ್ಬಿಗಳು, ಬಂದರಿನ ಹಳೇ ಚಿತ್ರಗಳು ಇವೆ. ಸಮುದ್ರ ಹಿಂದಕ್ಕೆ ಸರಿದ ಮೇಲೂ ಕಾರ್ಖಾನೆ ನಿಲ್ಲಬಾರದು ಅಂತ ದೂರದ ಸಮುದ್ರಗಳಿಂದ ಮೀನು ತರಿಸಿ ಇಲ್ಲಿ ಡಬ್ಬಿಗೆ ತುಂಬಿಸುತ್ತಿದ್ದರಂತೆ. ಕೆಲಸ ಉಳಿಸಿಕೊಳ್ಳೋಕೆ ಆ ಊರು ಎಷ್ಟು ಒದ್ದಾಡಿರಬೇಕು ಅಲ್ವಾ?

ಒಂದು ದಿನದ ಟೂರ್ ಇಲ್ಲಿಗೇ ಮುಗಿಯುತ್ತೆ, ನನ್ನ ತಕರಾರು ಅದೇ. ಅದರಲ್ಲಿ ಹೋದವರಿಗೆ ಸಮುದ್ರ ಸತ್ತಿದೆ ಅನ್ನೋದಷ್ಟೇ ಸಿಗುತ್ತೆ. ಮುಂದೆ ಹೋದರೆ ಕಥೆ ಇನ್ನೂ ನಡೀತಾ ಇದೆ. ಸಮುದ್ರದ ತಳದಲ್ಲಿ ಈಗ ಅರಲ್‌ಕುಮ್ ಅನ್ನೋ ಹೊಸ ಮರುಭೂಮಿ. ಹೊಲಗಳಿಂದ ಹರಿದುಬಂದ ಕೀಟನಾಶಕ, ಉಪ್ಪು ಎಲ್ಲ ಆ ಮಣ್ಣಲ್ಲಿದೆ, ಗಾಳಿ ಬಂದರೆ ಅದೆಲ್ಲ ಊರುಗಳ ಮೇಲೆ ಬೀಳುತ್ತೆ. ಆ ಧೂಳು ಏಳದ ಹಾಗೆ ಸಕ್ಸಾವುಲ್ ಅನ್ನೋ ಗಿಡ ನೆಡುತ್ತಿದ್ದಾರೆ, ಸಾಲು ಸಾಲಾಗಿ, ಕಣ್ಣು ಹೋಗುವಷ್ಟು ದೂರ. ಮಧ್ಯೆ ಗ್ಯಾಸ್ ತೆಗೆಯುವ ರಿಗ್‌ಗಳು. ಒಂದು ಕಾಲದಲ್ಲಿ ಮೀನಿನ ಬಲೆ ಬೀಸಿದ ಜಾಗದಲ್ಲಿ ಲಾರಿಗಳು ಓಡಾಡುತ್ತಿವೆ.

ನೀರಿನ ಹತ್ತಿರ ಹೋಗೋದು ಸುಲಭ ಅಲ್ಲ. ದಡ ಅಂತ ಏನಿಲ್ಲ, ಕೆಸರು. ಕಪ್ಪು, ತಣ್ಣಗೆ, ಮೊಣಕಾಲುವರೆಗೆ ಹೂತುಕೊಳ್ಳುತ್ತೆ, ಹಳೇ ಚಪ್ಪಲಿ ಬೇಕೇ ಬೇಕು. ಮೊದಲು ಲೀಟರಿಗೆ ಸುಮಾರು 10 ಗ್ರಾಂ ಉಪ್ಪು ಇದ್ದ ನೀರು ಇದು, ಈಗ ಈ ಭಾಗದಲ್ಲಿ 100 ಗ್ರಾಂ ದಾಟಿದೆ. ಮೀನು ಬದುಕೋಲ್ಲ. ಆರ್ಟೀಮಿಯಾ ಅನ್ನೋ ಸಣ್ಣ ಸೀಗಡಿ ಜಾತಿಯ ಜೀವಿ ಮಾತ್ರ ಇದೆ, ಅದರ ಮೊಟ್ಟೆಗಳನ್ನು ಮೀನು ಮರಿಗಳ ಆಹಾರಕ್ಕೆ ಅಂತ ಸಂಗ್ರಹಿಸಿ ಮಾರುತ್ತಾರೆ. ಮಲಗಿದರೆ ಸುಮ್ನೆ ತೇಲುತ್ತೀರಿ. ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಮೈಮೇಲೆ ಉಪ್ಪು ಹೆಪ್ಪುಗಟ್ಟಿ ಚರ್ಮ ಎಳೆದಂತಾಗುತ್ತೆ. ತೊಳೆದುಕೊಳ್ಳಲು ಕ್ಯಾಂಪಿನಲ್ಲಿ ನೀರು ಲೆಕ್ಕದ್ದು, ಹಾಗಾಗಿ ಗಾಡಿಯಲ್ಲೇ ಎರಡು ಕ್ಯಾನ್ ಜಾಸ್ತಿ ಇಟ್ಟುಕೊಳ್ಳಿ ಅಂತ ಮೊದಲೇ ಹೇಳಿ.

ಯುರ್ಟ್ (ದುಂಡಗಿನ ದಪ್ಪ ಡೇರೆ) ಕ್ಯಾಂಪ್ ಚೆನ್ನಾಗಿತ್ತು. ದಪ್ಪ ರಜಾಯಿ, ಬಿಸಿ ಗ್ರೀನ್ ಟೀ, ರುಚಿಯಾದ ನಾನ್. ಶೌಚಾಲಯ ಹೊರಗೆ, ಗುಂಡಿಯದ್ದು. ನೆಟ್‌ವರ್ಕ್ ಇಲ್ಲ. ಊಟದ ವಿಷಯದಲ್ಲಿ ಮಾತ್ರ ಏಜೆನ್ಸಿ ಮೇಲೆ ಬೇಜಾರಿದೆ. ಸಸ್ಯಾಹಾರ ಅಂತ ಇಮೇಲಲ್ಲಿ ಒಪ್ಪಿದ್ದರು, ಕ್ಯಾಂಪಿನವರಿಗೆ ಆ ಸುದ್ದಿಯೇ ಹೋಗಿರಲಿಲ್ಲ. ಕುರಿ ಮಾಂಸದ ಸಾರಿನಿಂದ ಆಲೂಗಡ್ಡೆ ಎತ್ತಿ ನಮ್ಮ ತಟ್ಟೆಗೆ ಹಾಕಲು ಬಂದರು. ಪಾಪ, ಅಡುಗೆಯಾಕೆ ಗೊತ್ತಾದ ಕೂಡಲೇ ಟೊಮೆಟೊ, ಮೊಟ್ಟೆ ಹುರಿದು ಕೊಟ್ಟರು. ಮೊಟ್ಟೆಯನ್ನೂ ತಿನ್ನದವರು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

ಇನ್ನೊಂದು ದೂರು ಇದಕ್ಕಿಂತ ಗಂಭೀರ. ಇಷ್ಟು ದೂರದ ಮರುಭೂಮಿಗೆ ನಮ್ಮನ್ನು ಒಂದೇ ಗಾಡಿಯಲ್ಲಿ ಕಳಿಸಿದ್ದರು, ಸ್ಯಾಟಲೈಟ್ ಫೋನ್ ಇರಲಿಲ್ಲ. ಡ್ರೈವರ್ ಅನುಭವಿ, ಏನೂ ಆಗಲಿಲ್ಲ. ಆದರೆ ಮಳೆ ಬಂದರೆ ಅಲ್ಲಿಯ ಮಣ್ಣು ಜಾರುತ್ತೆ, ಗಾಡಿ ಹೂತರೆ ಎತ್ತೋರು ಯಾರು? ಬುಕ್ ಮಾಡುವಾಗಲೇ ಇದನ್ನು ಕೇಳಿ. ದುಡ್ಡು ತಲೆಗೆ ಅಲ್ಲ, ಗಾಡಿಗೆ. ಹಾಗಾಗಿ ನಾಲ್ಕು ಜನ ಸೇರಿದರೆ ಹೊರೆ ಕಡಿಮೆ.

ವಾಪಸ್ ದಾರಿ ಉಸ್ತ್ಯುರ್ಟ್ ಪ್ರಸ್ಥಭೂಮಿ ಮೇಲೆ. ಕಡಿದಾದ ಸುಣ್ಣದ ಕಲ್ಲಿನ ಅಂಚು, ಕೆಳಗೆ ಸಮುದ್ರ, ಮುಂದೆ ಸುದೋಚ್ಯೆ ಸರೋವರದಲ್ಲಿ ಜೊಂಡು, ಹಕ್ಕಿಗಳು. ನನಗೆ ಇಡೀ ಟೂರಿನಲ್ಲಿ ಹೆಚ್ಚು ಇಷ್ಟವಾಗಿದ್ದು ಇದೇ ಭಾಗ. ಕೆಲವರು ಡೀಸೆಲ್ ಉಳಿಸಲು ಹೋದ ದಾರಿಯಲ್ಲೇ ವಾಪಸ್ ಕರೆತರುತ್ತಾರಂತೆ. ನುಕುಸ್‌ನಲ್ಲಿ ಸವಿಟ್ಸ್ಕಿ ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. ಸೋವಿಯತ್ ಸರ್ಕಾರಕ್ಕೆ ಬೇಡವಾಗಿದ್ದ ಚಿತ್ರಗಳನ್ನು ಇಗೋರ್ ಸವಿಟ್ಸ್ಕಿ ಈ ಮೂಲೆಗೆ ತಂದು ಉಳಿಸಿದರು, 1966ರಲ್ಲಿ ಶುರುವಾದ ಮ್ಯೂಸಿಯಂ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಚಳಿಗಾಲ ಸೊನ್ನೆಗಿಂತ ಕೆಳಗೆ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು. ಬುಕ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ: ಗೈಡ್ ಯಾವ ಊರಿನವರು, ಎಷ್ಟು ಗಾಡಿ ಬರುತ್ತೆ, ವಾಪಸ್ ಉಸ್ತ್ಯುರ್ಟ್ ಮೇಲೆಯಾ? ಮೂರಕ್ಕೂ ನೇರ ಉತ್ತರ ಕೊಡದಿದ್ದರೆ ನುಕುಸ್‌ನಲ್ಲಿ ಬೇರೆಯವರನ್ನು ಹುಡುಕಿ, ಸಿಗುತ್ತಾರೆ.